ಮರುಳಸಿದ್ದಮ್ಮನವರ ಮೂರನೆಯ ಪ್ರಶ್ನೆ

ನಮ್ಮ ಜಿಲ್ಲೆಯ ಜನ ವೈದ್ಯರನ್ನು ನೆನೆಯುವಾಗ ಸಾಮಾನ್ಯವಾಗಿ ತಾವು ಉಳಿದುಕೊಂಡ ಕಥೆಯನ್ನು ಹೇಳುತ್ತಾರೆ. ಹೆರಿಗೆ ಸುಸೂತ್ರವಾಯಿತು, ಜ್ವರ ಇಳಿಯಿತು, ಮುರಿದ ಕಾಲು ಕೂಡಿತು. ಡಾ. ಮರುಳಸಿದ್ದಮ್ಮನವರ ಬಗ್ಗೆ ಹಾಗೆ ಹೇಳುವವರು ಯಾರೂ ಇಲ್ಲ, ಏಕೆಂದರೆ ಅವರ ಮೇಜಿನ ಮೇಲೆ ಮಲಗಿದವರಲ್ಲಿ ಒಬ್ಬರೂ ಎದ್ದು ಮನೆಗೆ ಹೋಗಲಿಲ್ಲ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಈ ನಾಲ್ಕು ಊರುಗಳಲ್ಲಿ ಮೂವತ್ತಮೂರು ವರ್ಷ ಶವಪರೀಕ್ಷೆಯ ಕೆಲಸ ಮಾಡಿ ಈಗ ನಿವೃತ್ತರಾಗುತ್ತಿರುವ ಈ ಹಿರಿಯರು, ಹೇಗೆ ಸತ್ತರು ಮತ್ತು ಯಾವಾಗ ಸತ್ತರು ಎಂಬ ಎರಡು ಪ್ರಶ್ನೆಗಳಿಗೆ ನಮ್ಮ ಭಾಗದಲ್ಲಿ ಉತ್ತರ ಹುಡುಕುವ ರೀತಿಯನ್ನೇ ಬದಲಿಸಿದರು. ಅವರ ಉತ್ತರದಿಂದ ಸತ್ತವರಿಗೆ ಲಾಭವಿರಲಿಲ್ಲ. ಉಳಿದವರಿಗೆ ಇತ್ತು. ಒಬ್ಬನಿಗಂತೂ ಅದು ಜೀವಾವಧಿ ಸೆರೆಮನೆಗೂ ತಾನು ಓಡಿಸುವ ಬಸ್ಸಿನ ಸ್ಟೀರಿಂಗಿಗೂ ನಡುವಿನ ವ್ಯತ್ಯಾಸವಾಗಿತ್ತು.

ಈ ಅಭಿನಂದನಾ ಸಂಪುಟಕ್ಕೆ ಬರೆಯಲು ಸಂಪಾದಕರು ಹೇಳಿದಾಗ, ಮರುಳಸಿದ್ದಮ್ಮನವರ ಕೈಕೆಳಗಿನ ಕಿರಿಯ ವೈದ್ಯನಾದ ನಾನು ಮೇಡಂ ಅವರ ಒಪ್ಪಿಗೆ ಕೇಳಲು ಹೋದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಹೊಗಳೋಕೆ ಬೇರೆಯವ್ರು ಅವ್ರೆ. ನೀನು ಹರಿಯಬ್ಬೆ ಕೇಸು ಬರೀತೀಯ ಅಂದ್ರೆ ಬರಿ. ಅದನ್ನ ಬಿಟ್ಟು ಬರೆಯೋದಾದ್ರೆ ಬೇಡ" ಎಂದರು. ಆ ಪ್ರಕರಣದಲ್ಲಿ ತಪ್ಪು ಮಾಡಿದವನು ನಾನು. ಅದನ್ನು ಅದರ ಜಾಗ ಬಂದಾಗ ಬರೆಯುತ್ತೇನೆ.

ಹೊಳಲ್ಕೆರೆಯ ಪೇಟೆಬೀದಿಯಲ್ಲಿ ಕಾಳುಕಡ್ಡಿಯ ವ್ಯಾಪಾರ ಮಾಡುತ್ತಿದ್ದ ಪಂಚಾಕ್ಷರಪ್ಪನವರ ಹಿರಿಯ ಮಗಳು ಮರುಳಸಿದ್ದಮ್ಮನವರು. ವೈದ್ಯಕೀಯ ಓದು ಮುಗಿಸಿ ಈ ವಿಷಯವನ್ನು ಆರಿಸಿಕೊಂಡಾಗ ತಂದೆ ಅಂಗಡಿಯ ಗದ್ದಿಗೆಯಿಂದ ಇಳಿದು ಬಂದು, "ಬದುಕಿರೋರನ್ನ ನೋಡೋ ಡಾಕ್ಟ್ರಾಗಬಾರ್ದೇನವ್ವ? ಸತ್ತೋರು ಏನು ಹೇಳ್ತಾರೆ ನಿಂಗೆ?" ಎಂದು ಕೇಳಿದ್ದರಂತೆ. "ಸತ್ತೋರು ಸುಳ್ಳು ಹೇಳಲ್ಲ ಅಪ್ಪಾಜಿ" ಎಂದು ಇವರು ಜೋರಾಗಿ ಉತ್ತರಿಸಿದ್ದರಂತೆ. ಆ ಮಾತನ್ನು ನೆನೆದು ಮೇಡಂ ನಮ್ಮ ತರಗತಿಯಲ್ಲಿ ನಗುತ್ತಿದ್ದರು: "ಆಗ ಹುಡುಗುಬುದ್ಧಿ. ಹೆಣಾನೂ ಸುಳ್ಳು ಹೇಳುತ್ತೆ. ನಾವು ಕೇಳೋ ರೀತಿ ತಪ್ಪಿದ್ರೆ ಸಾಕು."

ಕೇಳುವ ರೀತಿಯನ್ನು ಅವರು ಕಂಡುಕೊಂಡದ್ದು ಹೊಸದುರ್ಗದಲ್ಲಿ. ಅಲ್ಲಿ ಆಗ ಶವಾಗಾರವೆಂದರೆ ಹೊಂಗೆಮರದ ಪಕ್ಕದ ಒಂದು ತಗಡಿನ ಕೋಣೆ. ನೀರನ್ನು ಕೊಡದಲ್ಲಿ ಹೊತ್ತು ತರಬೇಕಿತ್ತು. ಸತ್ತವರ ಮನೆಯವರು ಮರದ ಕೆಳಗೆ ಗಂಟೆಗಟ್ಟಲೆ ನಿಂತಿರುತ್ತಿದ್ದರು. ಪೊಲೀಸರು ಗಂಡಸರನ್ನು ಮಾತ್ರ ಮಾತಾಡಿಸುತ್ತಿದ್ದರು. ಹೆಂಗಸರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮರುಳಸಿದ್ದಮ್ಮನವರು ತಮ್ಮ ಕೊಠಡಿಯ ಬೆಂಚನ್ನು ಹೊರಗೆ ಹಾಕಿಸಿ, ಫ್ಲಾಸ್ಕಿನ ಚಹಾ ಬಗ್ಗಿಸಿ, "ಕುಂತ್ಕಳ್ರಿ" ಎಂದು ಹೇಳಿ, ಕತ್ತರಿ ಮುಟ್ಟುವ ಮೊದಲು ಮನೆಯ ಹೆಂಗಸರನ್ನು ಮೂರು ಪ್ರಶ್ನೆ ಕೇಳುವ ಪದ್ಧತಿ ಹಾಕಿಕೊಂಡರು. ಕೊನೆಗೆ ಏನು ಉಂಡರು? ಕೊನೆಗೆ ಯಾರ ಜೊತೆ ಮಾತಾಡಿದರು? ಸಿಕ್ಕಾಗ ಮೈಮೇಲೆ ಏನಿತ್ತು?

ಹೊಟ್ಟೆಯಲ್ಲಿ ಉಳಿದ ಅನ್ನ ಹೊತ್ತಿನ ಸುಳಿವು ಕೊಡುತ್ತದೆ. ಕೊನೆಯ ಮಾತು, ಎಷ್ಟು ಗಂಟೆಯವರೆಗೆ ಜೀವವಿತ್ತು ಎಂಬುದಕ್ಕೆ ಗಡಿ ಹಾಕುತ್ತದೆ. ಮೈಮೇಲಿನದು, ಮೈ ಎಷ್ಟು ಬೇಗ ತಣ್ಣಗಾಯಿತು ಎಂಬುದನ್ನು ಹೇಳುತ್ತದೆ. ಈಗ ಚಿತ್ರದುರ್ಗದಲ್ಲಿ ನಮ್ಮ ಜೊತೆಗಿರುವ ಶವಾಗಾರದ ಸಹಾಯಕ ಪಾಪಣ್ಣ ಆಗಿನ್ನೂ ಕೆಲಸಕ್ಕೆ ಹೊಸಬ. ಅವನಿಗೆ ಈ ಪದ್ಧತಿ ಹಿಡಿಸಿರಲಿಲ್ಲ.

"ಮೇಡಂ, ಪೊಲೀಸ್ರು ಜೀಪು ಸ್ಟಾರ್ಟ್ ಮಾಡ್ಕಂಡು ಕುಂತವ್ರೆ. ನೀವು ಇಲ್ಲಿ ಅಜ್ಜಿ ಜತೆ ಮುದ್ದೆ ಸಾರಿನ ಮಾತಾಡ್ತಾ ಇದೀರಲ್ರೀ."

"ಆಫ್ ಮಾಡ್ಕಳಾಕೆ ಹೇಳು ಪಾಪಣ್ಣ. ಡೀಸೆಲ್ ಉಳಿತೈತೆ."

ಕೆಲಸ ಮುಗಿದ ಮೇಲೆ ಹೊಲಿಗೆ ಸಣ್ಣಗೆ, ಒತ್ತಾಗಿ ಬೀಳಬೇಕು. ಮುಖ ತೊಳೆದು ತಲೆ ಬಾಚಿಯೇ ಶವವನ್ನು ಮನೆಯವರಿಗೆ ಒಪ್ಪಿಸಬೇಕು. ಇದು ಅವರ ಎರಡನೆಯ ಪದ್ಧತಿ. ಅದಕ್ಕೆಂದೇ ಒಂದು ಬಾಚಣಿಗೆಯನ್ನು ಪಾಪಣ್ಣ ಇಂದಿಗೂ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ. ಅದರಲ್ಲಿ ತಾನು ಬಾಚಿಕೊಳ್ಳುವುದಿಲ್ಲ ಎಂದು ಹೊಸಬರಿಗೆ ಮೊದಲೇ ಹೇಳಿಬಿಡುತ್ತಾನೆ.

ಹೊಳಲ್ಕೆರೆಗೆ ವರ್ಗವಾಗಿ ಬಂದ ಮೇಲೆ ನಡೆದ ಒಂದು ಘಟನೆಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣ. ರಾಮಗಿರಿ ನಿಲ್ದಾಣದಿಂದ ಸ್ವಲ್ಪ ಆಚೆ ಹಳಿಯ ಮೇಲೆ ಹಾಲೇಶ್ ಎಂಬ ಶಾಲಾ ಮೇಷ್ಟ್ರ ದೇಹ ಸಿಕ್ಕಿತು. ರೈಲಿಗೆ ತಲೆ ಕೊಟ್ಟರು ಎಂದು ಊರು ಆಗಲೇ ತೀರ್ಮಾನಿಸಿ, ಏಕೆ ಕೊಟ್ಟರು ಎಂಬುದಕ್ಕೆ ನಾಲ್ಕಾರು ಕಾರಣಗಳನ್ನೂ ಹೊಂದಿಸಿತ್ತು. ಮರುಳಸಿದ್ದಮ್ಮನವರು ಗಾಯಗಳ ಅಂಚನ್ನು ನೋಡಿದರು. ಜೀವವಿರುವ ಮೈ ಕತ್ತರಿಸಿದರೆ ರಕ್ತ ಸುತ್ತಲಿನ ಮಾಂಸಕ್ಕೆ ಇಳಿದು ಕೆಂಪಾಗಿಸುತ್ತದೆ. ಇಲ್ಲಿ ಅಂಚುಗಳು ಮಾಸಲಾಗಿ, ಒಣಗಿ ನಿಂತಿದ್ದವು. ಹೃದಯದ ರಕ್ತನಾಳದಲ್ಲಿ ಹೆಪ್ಪು ಇತ್ತು. ಮೇಷ್ಟ್ರು ಹಳಿ ದಾಟುವಾಗ ಎದೆ ಹಿಡಿದು ಬಿದ್ದಿದ್ದರು. ರೈಲು ಬರುವ ಹೊತ್ತಿಗೆ ಅವರು ಇರಲಿಲ್ಲ. ವರದಿಯನ್ನು ಪೊಲೀಸರಿಗೆ ಕಳಿಸಿ ಸುಮ್ಮನಿರಬಹುದಿತ್ತು. ಇವರು ಮೇಷ್ಟ್ರ ಮಗಳು ಸಹನಾಳನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಾಗದದ ಮೇಲೆ ಹೃದಯದ ಚಿತ್ರ ಬರೆದು ವಿವರಿಸಿದರು. ಆಕೆ ಎಲ್ಲ ಕೇಳಿ ಒಂದೇ ಮಾತು ಆಡಿದಳಂತೆ: "ಹಂಗಾದ್ರೆ ಅಪ್ಪ ಮನೀಗೆ ಬರ್ತಾ ಇದ್ರು." ಆಕೆ ಈಗ ಹೊಳಲ್ಕೆರೆಯಲ್ಲೇ ಶಿಕ್ಷಕಿ. ಆ ಚಿತ್ರ ಇನ್ನೂ ಆಕೆಯ ಬಳಿ ಇದೆಯಂತೆ.

ಹಿರಿಯೂರಿನ ಒಂಬತ್ತು ವರ್ಷಗಳಲ್ಲಿ ಅವರು ಪೊಲೀಸರಿಗೆ, ವಕೀಲರಿಗೆ ಪಾಠ ಮಾಡಲು ಶುರುಮಾಡಿದರು. ಚಿತ್ರದುರ್ಗದ ನಮ್ಮ ವಿಭಾಗಕ್ಕೆ ಬಂದ ಮೇಲೆ ಅದೇ ಪಾಠವನ್ನು ನಾವು ಕೇಳಿದೆವು. "ಹೆಣದೊಳಗೆ ಮೂರು ಗಡಿಯಾರ ಅವೆ" ಎಂದು ಅವರು ಆರಂಭಿಸುತ್ತಿದ್ದರು. ಮೈ ತಣ್ಣಗಾಗುವುದು ಒಂದು. ದವಡೆಯಿಂದ ಕಾಲಿನವರೆಗೆ ಸ್ನಾಯು ಸೆಟೆಯುವುದು ಎರಡು. ರಕ್ತ ಕೆಳಭಾಗಕ್ಕೆ ಇಳಿದು ನೇರಳೆ ಕಲೆಯಾಗಿ, ಹೊತ್ತು ಕಳೆದಂತೆ ಬೆರಳಿನಿಂದ ಒತ್ತಿದರೂ ಮಾಸದಂತೆ ನಿಲ್ಲುವುದು ಮೂರು. "ಒಂದೂ ಸರಿಯಾಗಿ ನಡೆಯಲ್ಲ. ಚಳಿ, ಬಿಸಿಲು, ಬೊಜ್ಜು, ಬಟ್ಟೆ ಎಲ್ಲವೂ ಮುಳ್ಳು ತಿರುಗಿಸ್ತವೆ. ಅದಕ್ಕೇ ಯಾವತ್ತೂ ಒಂದು ಗಂಟೆ ಬರೀಬೇಡಿ. ಎರಡು ಬರೀರಿ. ಇದಕ್ಕಿಂತ ಮುಂಚೆ ಅಲ್ಲ, ಇದಕ್ಕಿಂತ ತಡ ಅಲ್ಲ. ನಡುವೆ ಏನೈತೋ ಅದು ನಮಗೆ ಗೊತ್ತಿಲ್ಲ ಅಂತ ಒಪ್ಕಳ್ರಿ." ಅವರ ಸಹಿಯಿರುವ ಸಾವಿರಾರು ವರದಿಗಳಲ್ಲಿ ಒಂದರಲ್ಲಿ ಮಾತ್ರ ಎರಡು ಗಂಟೆಗಳ ಬದಲು ಒಂದು ಗಂಟೆ ಇತ್ತು. ಅದನ್ನು ಬರೆದವನು ನಾನು.

ಕಳೆದ ವರ್ಷದ ಜನವರಿ. ಹರಿಯಬ್ಬೆಯ ಆಚೆಯ ಗುಡ್ಡದ ಓರೆಯಲ್ಲಿ ಎಪ್ಪತ್ತೆರಡು ವರ್ಷದ ಕುರಿಗಾಹಿ ಕಾಟಲಿಂಗಪ್ಪ ಬಂಡೆಯ ಬುಡದಲ್ಲಿ ಸತ್ತು ಬಿದ್ದಿದ್ದ. ತಲೆಯ ಹಿಂಭಾಗದಲ್ಲಿ ಗಾಯವಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಅವನನ್ನು ನೋಡಿ ಕೂಗಿಕೊಂಡು ಕೆಳಗೆ ಓಡಿ ಬಂದವನು ಅವನ ತಂಗಿಯ ಮಗ ಸಣ್ಣಪ್ಪ, ಸರ್ಕಾರಿ ಬಸ್ಸಿನ ಡ್ರೈವರ್. ಹಿಂದಿನ ದಿನ ಮಧ್ಯಾಹ್ನ ಮಾವ ಅಳಿಯ ಇಬ್ಬರೂ ಹಟ್ಟಿಯ ನಡುವೆ ಜೋರಾಗಿ ಜಗಳವಾಡಿದ್ದನ್ನು ಎಲ್ಲರೂ ಕೇಳಿದ್ದರು. ಜಗಳಕ್ಕೆ ಕಾರಣ ಇಷ್ಟೆ: ಈ ವಯಸ್ಸಿನಲ್ಲಿ ಒಬ್ಬನೇ ಗುಡ್ಡಕ್ಕೆ ಹೋಗಬೇಡ ಎಂದು ಸಣ್ಣಪ್ಪ ಹೇಳಿದ್ದ. "ನೀನು ಬಸ್ಸು ಬಿಡದು ಬಿಡು, ಆಮೇಲೆ ನಾನು ಕುರಿ ಬಿಡ್ತೀನಿ ಕಣಲೇ" ಎಂದು ಮುದುಕ ಕೋಲು ಎತ್ತಿದ್ದ. "ಬಿದ್ದು ಸಾಯಿ ಹಂಗಾದ್ರೆ" ಎಂದು ಅಳಿಯನೂ ಅಂದುಬಿಟ್ಟಿದ್ದ.

ಮೇಡಂ ಅಂದು ಸಾಕ್ಷಿ ಹೇಳಲು ಹೊಳಲ್ಕೆರೆಗೆ ಹೋಗಿದ್ದರು. ಪೊಲೀಸರ ಜೊತೆ ಸ್ಥಳಕ್ಕೆ ಹೋದವನು ನಾನು. ಮಧ್ಯಾಹ್ನ ಹನ್ನೆರಡೂವರೆಗೆ ಮೈಯ ಉಷ್ಣತೆ ಅಳೆದೆ. ಎರಡು ಡಿಗ್ರಿಗಿಂತ ತುಸು ಹೆಚ್ಚು ಇಳಿದಿತ್ತು. ಗಂಟೆಗೆ ಮುಕ್ಕಾಲು ಡಿಗ್ರಿಯ ಲೆಕ್ಕ ಹಿಡಿದರೆ ಮೂರು ಗಂಟೆ. ದೇಹ ಪೂರ್ತಿ ಸೆಟೆದಿತ್ತು, ಬೆನ್ನಿನ ಕಲೆ ಒತ್ತಿದರೂ ಮಾಸುತ್ತಿರಲಿಲ್ಲ. ಅದನ್ನು ಟಿಪ್ಪಣಿಯಲ್ಲಿ ಬರೆದೆ, ಆದರೆ ಯೋಚಿಸಲಿಲ್ಲ. ತನಿಖಾಧಿಕಾರಿ ಅವಸರದಲ್ಲಿದ್ದರು. "ಡಾಕ್ಟ್ರೇ, ಟೈಮ್ ಒಂದು ಹೇಳ್ಬಿಡ್ರಿ. ಅಲ್ಲಿಂದ ಇಲ್ಲಿಗೆ ಅಂದ್ರೆ ವಕೀಲ್ರು ಅದ್ರೊಳಗೆ ಲಾರಿ ಓಡಿಸ್ತಾರೆ." ನಾನು 'ಬೆಳಿಗ್ಗೆ ಸುಮಾರು ಒಂಬತ್ತೂವರೆ' ಎಂದು ಬರೆದೆ. ಬೆಂಚು ಹಾಕಿಸಲಿಲ್ಲ. ಮೂರು ಪ್ರಶ್ನೆ ಕೇಳಲಿಲ್ಲ. ಶವಪರೀಕ್ಷೆಯಲ್ಲಿ ಸಾವಿನ ಕಾರಣವನ್ನು ಸರಿಯಾಗಿಯೇ ಗುರುತಿಸಿದೆ: ಗಾಯ ತಲೆಯ ಹಿಂದಿದ್ದರೂ ಮೆದುಳು ಜಜ್ಜಿದ್ದು ಮುಂಭಾಗದಲ್ಲಿ. ನಿಂತ ತಲೆಗೆ ಹೊಡೆದರೆ ಹೊಡೆದ ಕಡೆಯೇ ಜಜ್ಜುತ್ತದೆ. ತಲೆಯೇ ವೇಗವಾಗಿ ಬಂದು ಕಲ್ಲಿಗೆ ಬಡಿದರೆ ಎದುರಿನ ಕಡೆ ಜಜ್ಜುತ್ತದೆ. ಅಂದರೆ ಕಾಟಲಿಂಗಪ್ಪ ಬಿದ್ದು ಸತ್ತಿದ್ದ. ಆದರೆ ಜಾರಿ ಬಿದ್ದನೋ, ಯಾರಾದರೂ ತಳ್ಳಿದರೋ ಎಂಬುದನ್ನು ಮೆದುಳು ಹೇಳುವುದಿಲ್ಲ. ಅದನ್ನು ಹೇಳಬಹುದಾದದ್ದು ಹೊತ್ತು ಒಂದೇ. ನಾನು ಬರೆದ ಹೊತ್ತಿನಲ್ಲಿ ಗುಡ್ಡದ ಮೇಲೆ ಇದ್ದವನು ಸಣ್ಣಪ್ಪ ಒಬ್ಬನೇ.

ಸಂಜೆ ದಣಿದು ಬಂದ ಮೇಡಂ ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕಿದರು. ಮರುದಿನ ಸಣ್ಣಪ್ಪನ ಬಂಧನವಾಯಿತು.

ಮೂರನೆಯ ದಿನ ಅವರು ನನ್ನನ್ನು ಕರೆದರು. ಮೇಜಿನ ಮೇಲೆ ನನ್ನ ಟಿಪ್ಪಣಿ, ಛಾಯಾಚಿತ್ರಗಳು, ಸಣ್ಣಪ್ಪನ ಹೇಳಿಕೆಯ ಪ್ರತಿ ಇದ್ದವು. ಹೇಳಿಕೆಯ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು: 'ನಾನು ಮುಟ್ಟಿದಾಗ ಮಾವ ಕಟ್ಟಿಗಿ ಆಗಿದ್ದ.'

"ಒಂಬತ್ತೂವರೆಗೆ ಸತ್ತೋನು ಒಂಬತ್ತೂವರೆಗೇ ಹೆಂಗಪ್ಪಾ ಕಟ್ಟಿಗೆ ಆಗ್ತಾನೆ?"

"ಆರೋಪಿ ಹೇಳೋ ಮಾತಲ್ವಾ ಮೇಡಂ..."

"ಆರೋಪಿ ಆದ್ಮೇಲೆ ಕೈಗೆ ಸ್ಪರ್ಶ ಹೋಗುತ್ತೇನೋ? ಇರ್ಲಿ. ನಿನ್ನ ಎರಡು ಗಡಿಯಾರ ಏಳೆಂಟು ತಾಸು ಅಂತವೆ, ಒಂದು ಮೂರು ತಾಸು ಅಂತೈತೆ. ನೀನು ಆ ಒಂದನ್ನೇ ಯಾಕೆ ನಂಬಿದೆ?" ಆಮೇಲೆ ಒಂದು ಚಿತ್ರವನ್ನು ಮುಂದಕ್ಕೆ ತಳ್ಳಿದರು. ಮುದುಕನ ಕುತ್ತಿಗೆ, ತೋಳು. ಅಲ್ಲಲ್ಲಿ ಕಪ್ಪು ಎಳೆಗಳು. "ಇದೇನು?"

ನಾನು ಮದಕರಿಪುರದ ಕುರಿ ಸಾಕುವ ಮನೆಯವನು. ಉಣ್ಣೆಯ ಎಳೆ ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಇರುತ್ತದೆ, ಹಾಸಿಗೆಯಲ್ಲಿ ಇರುತ್ತದೆ, ಮಕ್ಕಳ ಕೂದಲಲ್ಲಿ ಇರುತ್ತದೆ. ಅದನ್ನು ಸ್ಥಳದಲ್ಲಿ ನಾನು ಕಂಡಿದ್ದೆ. ಧೂಳನ್ನು ಕಾಣುವಂತೆ ಕಂಡಿದ್ದೆ. ಪೇಟೆಯ ವ್ಯಾಪಾರಸ್ಥರ ಮನೆಯಲ್ಲಿ ಬೆಳೆದ ಮೇಡಂ ಅವರಿಗೆ ಅದು ಎಳೆಯಾಗಿ ಕಂಡಿತು. "ಜನವರಿ ಚಳೀಲಿ ಕುರಿ ಕಾಯೋನು ಬರೀ ಅಂಗೀಲಿ ಗುಡ್ಡ ಹತ್ತುತಾನಾ ಹನುಮೇಶ? ನಿಮ್ಮಜ್ಜ ಹತ್ತುತಿದ್ರಾ?" ಎಂದು ಕೇಳಿದರು.

ಮರುದಿನವೇ ಹರಿಯಬ್ಬೆಯ ಹಟ್ಟಿಗೆ ಹೋದೆವು; ಮೇಡಂ, ನಾನು, ಪಾಪಣ್ಣ. ಕಾಟಲಿಂಗಪ್ಪನ ಹೆಂಡತಿ ಓಬಕ್ಕ ಗೋಡೆಗೆ ಒರಗಿ ಕೂತಿದ್ದರು. ಗಂಡ ಹೋಗಿದ್ದ, ಎತ್ತಿ ಆಡಿಸಿದ ಅಳಿಯ ಜೈಲಿನಲ್ಲಿದ್ದ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕೊರೆಯುತ್ತಿದ್ದುದು, ಅವನೇ ಮಾಡಿದ ಎಂದು ತಾವು ನಂಬಿದ್ದು. "ನನ್ನ ಕೈತುತ್ತು ತಿಂದೋನು. ಅವ್ನಂಗಲ್ಲ ಅಂತ ಅನ್ಕಂಡೆ. ಆದ್ರೆ ಆಸ್ಪತ್ರಿಯೋರೇ ಬರ್ದವ್ರೆ ಅಂದ್ಮೇಲೆ..." ಎಂದು ನಿಲ್ಲಿಸಿದರು. ಆಸ್ಪತ್ರೆಯವನು ಎದುರಿಗೇ ನಿಂತಿದ್ದೆ.

ಮೇಡಂ ನೆಲದ ಮೇಲೆ ಅವರ ಪಕ್ಕ ಕೂತು ಮೂರನೆಯ ಪ್ರಶ್ನೆ ಕೇಳಿದರು.

"ಮೈಮೇಲಾ? ಪಂಚೆ, ಅಂಗಿ. ಅವತ್ತೇ ಹೇಳಿದ್ನಲ್ಲವ್ವ ಪೊಲೀಸ್ರಿಗೆ."

"ಕಂಬಳಿ?"

"ಕಂಬ್ಳಿ ಇದ್ದೇ ಇತ್ತು. ಜೋಡಿ ಕಂಬ್ಳಿ, ತಲೆ ತುಂಬ ಹೊದ್ದು ಗಟ್ಟಿ ಸುತ್ಕಂಡಿದ್ದ. ಬಟ್ಟೆ ಏನಿತ್ತು ಅಂತ ಕೇಳಿದ್ರು, ಹೇಳಿದೆ. ಕಂಬ್ಳಿ ಬಟ್ಟೆ ಏನವ್ವ? ಅದು ಕಂಬ್ಳಿ."

ಸಣ್ಣಪ್ಪನ ಕೂಗು ಕೇಳಿ ಗುಡ್ಡಕ್ಕೆ ಹೋಗಿದ್ದ ಓಬಕ್ಕ, ಪೊಲೀಸರ ಜೀಪು ಕಂಡ ಕೂಡಲೇ ಅದನ್ನು ಬಿಡಿಸಿ ಮನೆಗೆ ತಂದಿದ್ದರು. ಅವರ ಮನೆತನದಲ್ಲಿ ಹಿರಿಯನ ಕಂಬಳಿಯನ್ನು ದೇವರ ಗದ್ದಿಗೆಗೆ ಹಾಸುತ್ತಾರೆ. ಅದು ಆಸ್ಪತ್ರೆಯ ನೆಲಕ್ಕೋ ಠಾಣೆಯ ಮೂಲೆಗೋ ಬೀಳಬಾರದು. ಅದರಲ್ಲಿ ಮುಚ್ಚಿಡುವ ಉದ್ದೇಶ ಯಾರಿಗೂ ಇರಲಿಲ್ಲ. ಕಂಬಳಿ ಹೇಳಬೇಕಾದ ವಿಷಯವೆಂದು ಹಟ್ಟಿಯಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಕೇಳಬೇಕಾದ ವಿಷಯವೆಂದು ಹಟ್ಟಿಯವನೇ ಆದ ನನಗೂ ಅನ್ನಿಸಿರಲಿಲ್ಲ.

ಮೇಡಂ ತನಿಖಾಧಿಕಾರಿಯನ್ನೂ ಪಂಚಸಾಕ್ಷಿಗಳನ್ನೂ ಅಲ್ಲಿಗೇ ಕರೆಸಿದರು. ಒಂದು ಮುಂಜಾನೆ ಐದೂವರೆಗೆ ಅದೇ ಬಂಡೆಯ ನೆರಳಿನಲ್ಲಿ ಓಬಕ್ಕನ ಮನೆಯ ಎರಡು ಹಿತ್ತಾಳೆ ಬಿಂದಿಗೆಗಳಲ್ಲಿ ಮೈಬಿಸಿಯಷ್ಟು ಕಾಯಿಸಿದ ನೀರು ತುಂಬಿಸಿ, ಒಂದನ್ನು ಹಾಗೇ ಇಟ್ಟು, ಇನ್ನೊಂದಕ್ಕೆ ಆ ಜೋಡಿ ಕಂಬಳಿ ಸುತ್ತಿಸಿದರು. ಕಂಬಳಿ ನೆಲ ಮುಟ್ಟಬಾರದೆಂದು ಓಬಕ್ಕನಿಗೆ ಕೊಟ್ಟ ಮಾತಿನಂತೆ ಎರಡನ್ನೂ ಕಲ್ಲುಗಳ ಮೇಲಿಟ್ಟ ಹಲಗೆಯ ಮೇಲೆ ಇರಿಸಿದರು. ಗಂಟೆಗೊಮ್ಮೆ ನಾನು ಉಷ್ಣತೆ ಅಳೆದು ಬರೆದೆ. ಹೊತ್ತು ಏರಿದಂತೆ ಹಟ್ಟಿಯ ಜನ ಸೇರಿದರು.

"ಬರ್ರೋ ಇಲ್ಲಿ, ಡಾಕ್ಟ್ರಮ್ಮ ಬಿಂದಿಗಿಗೆ ಜ್ವರ ನೋಡ್ತಾ ಅವ್ರೆ!"

"ಒಂದಕ್ಕೆ ಜ್ವರ ಬಿಟ್ಟೈತೆ ಕಣ್ರಪ್ಪಾ, ಇನ್ನೊಂದಕ್ಕೆ ಬಿಟ್ಟಿಲ್ಲ" ಎಂದು ಪಾಪಣ್ಣ ಗಂಭೀರವಾಗಿ ವರದಿ ಒಪ್ಪಿಸಿದ.

ಮಧ್ಯಾಹ್ನ ಹನ್ನೆರಡೂವರೆಗೆ ಬರಿಯ ಬಿಂದಿಗೆಯ ನೀರು ಗಾಳಿಯಷ್ಟೇ ತಣ್ಣಗಿತ್ತು. ಕಂಬಳಿ ಸುತ್ತಿದ ಬಿಂದಿಗೆಯ ನೀರು ಕೂಸಿಗೆ ಎರೆಯುವಷ್ಟು ಬೆಚ್ಚಗಿತ್ತು. ಮೇಡಂ ಅದನ್ನು ಪುರಾವೆ ಎಂದು ಕರೆಯಲು ಒಪ್ಪಲಿಲ್ಲ. "ಬಿಂದಿಗೆ ಮನುಷ್ಯ ಅಲ್ಲ. ಇದು ನಮ್ಮ ಲೆಕ್ಕ ಯಾಕೆ ತಪ್ಪಿತು ಅನ್ನೋದನ್ನ ತೋರಿಸುತ್ತೆ, ಅಷ್ಟೆ." ಬೆಚ್ಚಗಿದ್ದ ಮೈ ಬೇಗ ಸೆಟೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು, ಬೆನ್ನಿನ ಕಲೆಯನ್ನೂ ಸಣ್ಣಪ್ಪನ ಮಾತನ್ನೂ ಪಕ್ಕದಲ್ಲಿಟ್ಟು, ಅವರು ಹೊಸ ಅಭಿಪ್ರಾಯ ಬರೆದರು: ಸಾವು ಬೆಳಿಗ್ಗೆ ನಾಲ್ಕೂವರೆಗಿಂತ ಮುಂಚೆ ಅಲ್ಲ, ಏಳಕ್ಕಿಂತ ತಡ ಅಲ್ಲ. ಅಂದು ನಾಲ್ಕೂವರೆಗೆ ಸಣ್ಣಪ್ಪ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಜೊತೆ ಚಹಾ ಕುಡಿಯುತ್ತಿದ್ದ. ಐದೂಕಾಲರಿಂದ ಏಳೂಕಾಲರವರೆಗೆ ಐವತ್ತು ಜನರನ್ನು ಕೂರಿಸಿಕೊಂಡು ಹಿರಿಯೂರಿಗೆ ಬಸ್ಸು ಓಡಿಸುತ್ತಿದ್ದ. ಆ ಕೆಲಸ ಮುಗಿಸಿ ಊರಿಗೆ ಬಂದ ಮೇಲೆಯೇ ಮಾವನನ್ನು ಹುಡುಕಿಕೊಂಡು ಗುಡ್ಡ ಹತ್ತಿದ್ದ.

ಹಿರಿಯೂರಿನ ನ್ಯಾಯಾಲಯದ ಆವರಣದಲ್ಲಿ ತನಿಖಾಧಿಕಾರಿ ಮೇಡಂ ಅವರನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ನಾನು ಕೇಳಿದೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. "ಮೇಡಂ, ರಿಟೈರ್ ಆಗೋ ಹೊತ್ನಾಗೆ ಯಾಕೆ? ಒಂದು ರಿಪೋರ್ಟು ತಪ್ಪು ಅಂತ ನೀವೇ ಅಂದ್ರೆ, ನಿಮ್ಮ ಮೂವತ್ತು ವರ್ಷದ ರಿಪೋರ್ಟೆಲ್ಲ ಹೊರಗೆ ಎಳೀತಾರೆ."

"ಎಳೀಲಿ ಬಿಡ್ರಿ. ತಪ್ಪಿದ್ರೆ ಸಿಗ್ಲಿ."

ನಾನು ಒಳಗೆ ಹೋಗಿ ಹೇಳುತ್ತೇನೆ ಎಂದೆ. ಹೊರಗೇ ಇರು ಎಂದು ಬೆಂಚು ತೋರಿಸಿದರು. ಬಾಗಿಲು ತೆರೆದಿತ್ತು. ಹಿಂದಿನ ವರದಿಯ ತಪ್ಪು ಯಾರದು ಎಂದು ಒಳಗೆ ವಕೀಲರು ಮೂರು ರೀತಿಯಲ್ಲಿ ಕೇಳಿದರು. ಸ್ಥಳಕ್ಕೆ ಹೋದವರು ಯಾರು, ಅಳೆದವರು ಯಾರು, ಬರೆದವರು ಯಾರು. ಮೇಡಂ ಮೂರಕ್ಕೂ ಒಂದೇ ಉತ್ತರ ಕೊಟ್ಟರು: "ಸಹಿ ನಂದು." ನನ್ನ ಹೆಸರು ಆ ದಿನದ ದಾಖಲೆಯಲ್ಲಿ ಇಲ್ಲ. ಆಮೇಲೆ ಅವರ ಹಳೆಯ ವರದಿಗಳಲ್ಲಿ ಹನ್ನೊಂದನ್ನು ವಕೀಲರು ನಿಜವಾಗಿಯೂ ಪ್ರಶ್ನಿಸಿದರು. ಹನ್ನೊಂದರಲ್ಲೂ ಎರಡು ಗಂಟೆಗಳಿದ್ದವು, ಹನ್ನೊಂದೂ ನಿಂತವು.

ಇಪ್ಪತ್ತಾರು ದಿನಗಳ ನಂತರ ಸಣ್ಣಪ್ಪ ಹೊರಗೆ ಬಂದ. ಮುಂದಿನ ವಾರ ಓಬಕ್ಕ ಅವನನ್ನು ಕರೆದುಕೊಂಡು ಚಿತ್ರದುರ್ಗಕ್ಕೆ ಬಂದು ನಮ್ಮ ವಿಭಾಗದ ಬೆಂಚಿನ ಮೇಲೆ ಕೂತರು. "ನಾನೇ ನಂಬಿಬಿಟ್ಟೆನಲ್ಲವ್ವ ಇವ್ನ ಮೇಲಿನ ಮಾತ್ನ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. "ನೀವು ನಂಬಿದ್ದು ನಮ್ಮ ಕಾಗದಾನ. ತಪ್ಪು ಕಾಗದದ್ದು" ಎಂದು ಮೇಡಂ ಚಹಾ ಬಗ್ಗಿಸಿದರು. ಸಣ್ಣಪ್ಪ ಬೆಂಚಿನ ತುದಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದ. "ಅತ್ತೆ, ಎರಡೂವರೆಗೆ ನನ್ನ ಬಸ್ಸು ಐತೆ, ಹೋಗಾಣ ಏಳು" ಎಂದ. ಓಬಕ್ಕ ಅಳುತ್ತಲೇ ನಕ್ಕರು: "ಮಾವನಂಗೇ. ಬಿಡು ಅಂದ್ರೆ ಬಿಡಲ್ಲ."

ಆ ತಪ್ಪು ನನ್ನದು. ಮೇಡಂ ಇಷ್ಟು ದಿನ ತಮ್ಮ ಸಹಿಯ ಕೆಳಗೆ ಅದನ್ನು ಇಟ್ಟುಕೊಂಡಿದ್ದರು. ಅವರ ನಿವೃತ್ತಿಯ ಈ ಸಂಪುಟದಲ್ಲಿ ಅದನ್ನು ನನ್ನ ಹೆಸರಿಗೆ ಬರೆದುಕೊಳ್ಳುತ್ತಿದ್ದೇನೆ. ಗುರುಗಳಿಗೆ ನಾನು ಕೊಡಬಹುದಾದ ಗೌರವ ಇದಕ್ಕಿಂತ ಹೆಚ್ಚಿನದು ನನಗೆ ಕಾಣುತ್ತಿಲ್ಲ.

ಅವರು ಹೊಳಲ್ಕೆರೆಗೆ ಹಿಂದಿರುಗಿ, ತಾಲ್ಲೂಕು ಆಸ್ಪತ್ರೆಗಳ ಕಿರಿಯ ವೈದ್ಯರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಲಿದ್ದಾರೆ. ಮೊದಲ ಅಧ್ಯಾಯದ ವಿಷಯ ಬೆಂಚು ಎಂದು ತಿಳಿಯಿತು. ಆ ಪುಸ್ತಕ ಮುಗಿಯಲಿ, ಎರಡನೆಯದು ಆರಂಭವಾಗಲಿ, ಅವರ ಆರೋಗ್ಯ ಚೆನ್ನಾಗಿರಲಿ. ಅವರ ಆಯುಷ್ಯದ ಬಗ್ಗೆ ಹಾರೈಸುವಾಗ ಅವರು ಕಲಿಸಿದ ರೀತಿಯನ್ನು ಈ ಸಲ ಮೀರುವುದಿಲ್ಲ. ಎರಡು ಗಡಿಗಳನ್ನು ಬರೆಯುತ್ತೇನೆ: ನೂರು ವರ್ಷಕ್ಕಿಂತ ಮುಂಚೆ ಅಲ್ಲ; ಎಷ್ಟಕ್ಕಿಂತ ತಡ ಅಲ್ಲ ಎಂದು ಹೇಳಲು ಸದ್ಯಕ್ಕೆ ಯಾವ ಆಧಾರವೂ ಇಲ್ಲ.